ಹಳದಿ ಚುಕ್ಕಿ

“ಆ ಮೂರು ಚುಕ್ಕಿ ನಾನ್ಯಾಕ್ ಇಟ್ಟೆ?”

ತಿಮ್ಮಕ್ಕ ಕೇಳಿದ್ದು ಯಾರನ್ನೂ ಅಲ್ಲ. ಭಾನುವಾರ ಬೆಳಿಗ್ಗೆ ತಂಗಿ ಶೈಲಶ್ರೀ ಇಬ್ಬರು ಮಕ್ಕಳನ್ನೂ ಪಾತ್ರೆಯ ಮೂಟೆಯನ್ನೂ ಲಗೇಜ್ ಆಟೋಗೆ ಹತ್ತಿಸಿಕೊಂಡು ಆಗಷ್ಟೇ ಅಂಜನಾಪುರದ ಕಡೆ ಹೋಗಿದ್ದಳು. ಅಲ್ಲಿ ಕಟ್ಟುತ್ತಿರುವ ಬಿಲ್ಡಿಂಗಿನ ಪಕ್ಕ ಒಂದು ತಗಡಿನ ಶೆಡ್ಡು ಸಿಕ್ಕಿತ್ತು. ಬಾಗಿಲಿರಲಿಲ್ಲ, ಗೋಣಿತಟ್ಟು ಕಟ್ಟಿಕೊಳ್ಳಬೇಕಿತ್ತು.

ಎರಡು ತಿಂಗಳ ಹಿಂದೆ ಜಯನಗರದ ಸಂಸ್ಥೆಯೊಂದರಿಂದ ರಮ್ಯ ಮೇಡಂ ಜರಗನಹಳ್ಳಿಯ ಈ ವಠಾರಕ್ಕೆ ಬಂದಿದ್ದರು. ಇಪ್ಪತ್ತೆರಡು ಶೀಟಿನ ಮನೆ, ಎರಡೇ ಕಕ್ಕಸು. “ನಿಮ್ ವಠಾರದ ನಕ್ಷೆ ನೀವೇ ಬರೀರಿ. ಪೆನ್ನು ಬೇಡ, ರಂಗೋಲೀಲೇ ಬರೀರಿ,” ಎಂದರು. ರಂಗೋಲಿಯೆಂದರೆ ಅಲ್ಲಿ ತಿಮ್ಮಕ್ಕನೇ. ಬಿಳಿ ಗೆರೆಯಲ್ಲಿ ಮನೆ, ನೀಲಿಯಲ್ಲಿ ಚರಂಡಿ, ಕೆಂಪಿನಲ್ಲಿ ನಲ್ಲಿ. ಮನೆಯಲ್ಲಿ ಮಲಗುವ ಒಂದೊಂದು ತಲೆಗೂ ಒಂದೊಂದು ಹಳದಿ ಚುಕ್ಕಿ. ತಲೆ ಎಷ್ಟೆಂದು ತೋರಿಸಿದರೆ ಅದಕ್ಕೆ ತಕ್ಕಷ್ಟು ಕಕ್ಕಸು ಕೇಳಬಹುದಂತೆ.

“ನಮ್ ಯಜಮಾನ್ರಿಗೆ ಅರ್ಧ ಚುಕ್ಕಿ ಸಾಕು ತಿಮ್ಮಕ್ಕ, ಮಿಕ್ಕರ್ಧ ಬಾರಲ್ಲೇ ಬಿದ್ದಿರ್ತದೆ,” ಎಂದಳು ಪಕ್ಕದ ಮನೆಯ ಮರಿಯಮ್ಮ. ವಠಾರವೆಲ್ಲ ನಕ್ಕಿತು.

ತನ್ನ ಮನೆಯ ಸರದಿ ಬಂದಾಗ ತಿಮ್ಮಕ್ಕನ ಕೈ ನಿಂತಿತು. ಬಾಡಿಗೆಗೆ ಕೊಡುವಾಗಲೇ ಓನರ್ ಗಂಗಾಧರಯ್ಯ ಮೂರೇ ಜನ ಇರಬೇಕೆಂದು ಹೇಳಿದ್ದರು. ಗಂಡ ಬಿಟ್ಟುಹೋದ ತಂಗಿ ಮಕ್ಕಳೊಂದಿಗೆ ಬಂದ ಮೇಲೆ ಆರಾಗಿತ್ತು.

“ಇದು ಓನರ್‌ಗೆ ಗೊತ್ತಾಗಲ್ವಲ್ಲ ಮೇಡಂ?”

ರಮ್ಯ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಪುಡಿ ಮೆತ್ತಿದ ಅವಳ ಕೈ ಹಿಡಿದರು. “ದೇವರಾಣೆ ಅಕ್ಕ, ನಮ್ ನಮ್ಮಲ್ಲೇ ಇರುತ್ತೆ. ನನ್ನ ನಂಬಲ್ವಾ?”

ಆಣೆ ಎಂದ ಮೇಲೆ ತಿಮ್ಮಕ್ಕ ಮತ್ತೆ ಕೇಳಲಿಲ್ಲ. ಆರು ಚುಕ್ಕಿ ಇಟ್ಟಳು. ರಮ್ಯ ಫೋಟೋ ತೆಗೆದುಕೊಂಡು ಹೋದರು.

ಹೋದ ವಾರ ಗಂಗಾಧರಯ್ಯ ಬಂದು ಅವಳ ಮುಖದೆದುರು ಫೋನು ಹಿಡಿದರು. ಅದರಲ್ಲಿ ಅವಳದೇ ರಂಗೋಲಿ. ಬೆರಳಲ್ಲಿ ಹಿಗ್ಗಿಸಿ ಆರರವರೆಗೂ ಎಣಿಸಿದರು.

“ಚೆನ್ನಾಗೇ ಬಿಡಿಸಿದೀಯಮ್ಮ. ಭಾನುವಾರದೊಳಗೆ ಮೂರು ಅಳಿಸು.”

ಚಿಕ್ಕಂದಿನಲ್ಲಿ ಗುಡಿಯ ಜಗಲಿಯ ಮೇಲೆ ಅಜ್ಜ ರಾಗವಾಗಿ ಓದುತ್ತಿದ್ದ ಕಾವ್ಯಗಳಲ್ಲಿ, ಮಾತು ಕೊಟ್ಟ ಅರಸ ತಾನೇ ಕಾಡಿಗೆ ನಡೆಯುತ್ತಿದ್ದ. ಇಲ್ಲಿ ಹೋದವಳು ಶೈಲಶ್ರೀ. ಅವಳಿಗೆ ಯಾರೂ ಯಾವ ಮಾತನ್ನೂ ಕೊಟ್ಟಿರಲಿಲ್ಲ.

ಶೈಲಶ್ರೀ ಹೋದ ಮರುದಿನ ಮಧ್ಯಾಹ್ನ ರಮ್ಯ ಬಂದರು. ಕೈಯಲ್ಲಿ ರಂಗೋಲಿ ಪುಡಿಯ ಪೊಟ್ಟಣಗಳಿದ್ದವು.

“ಫೋಟೋ ನೀವೇ ಕೊಟ್ರಾ ಮೇಡಂ?”

“ನಮ್ ಸಂಸ್ಥೆ ಹೊಲಿಗೆ ಕ್ಲಾಸಿಗೆ ಓನರ್ ಹಾಲ್ ಬೇಕಿತ್ತು ಅಕ್ಕ. ನಕ್ಷೆ ಕಳ್ಸಿ, ಹಾಲ್ ಕೊಡ್ತೀನಿ ಅಂದ್ರು...”

“ಚುಕ್ಕಿ ಏನು ಅಂತ ಅವ್ರಿಗೆ ಹೇಳಿದ್ಯಾರು?”

ರಮ್ಯ ತಮ್ಮ ಚಪ್ಪಲಿ ನೋಡಿಕೊಂಡರು. “ನಾನೇ,” ಎಂದರು.

ನಲ್ಲಿಯ ಹತ್ತಿರ ಮರಿಯಮ್ಮ ಕೊಡ ತುಂಬಿದರೂ ಎತ್ತದೆ ನಿಂತಿದ್ದಳು.

“ಶೈಲಶ್ರೀಗೆ ಬೇರೆ ಮನೆ ಹುಡುಕೋಣ ಅಕ್ಕ. ಈಗ ಒಂದು ಸಹಾಯ. ಶುಕ್ರವಾರ ನಮ್ ಡೋನರ್ಸ್ ಬರ್ತಿದಾರೆ, ಆ ನಕ್ಷೆ ನೆಲದ ಮೇಲೇ ನೋಡ್ಬೇಕಂತೆ. ಇನ್ನೊಂದ್ಸಲ ಹಾಕ್ಕೊಡಿ. ಹಳದಿ ಬೇಡ, ಬಿಳಿ ಒಂದೇ ಸಾಕು.”

ತಿಮ್ಮಕ್ಕ ಪೊಟ್ಟಣಗಳನ್ನು ಅವರ ಕೈಗೇ ತಿರುಗಿ ಇಟ್ಟಳು.

“ಹಾಕಲ್ಲ.”