ತೊಳೆದರೂ ಹೋಗದ ನೇರಳೆ

ನನ್ನ ನಾದಿನಿಯ ಬಾಯಿ ಎಂಥದ್ದೆಂದು ನಮ್ಮ ಓಣಿಗೆಲ್ಲ ಗೊತ್ತು. ಆ ಬಾಯಿಯೇ ನನ್ನನ್ನು ಉಳಿಸಿತು ಎಂದರೆ ಓಣಿಯವರು ನಗುತ್ತಾರೆ. ನಗಲಿ, ನನ್ನ ಗಂಟೇನು ಹೋಗುತ್ತದೆ!

ಬಟ್ಟೆಗೆ ಬಣ್ಣ ಹಾಕುವುದು ನಮ್ಮಿಬ್ಬರ ಕೆಲಸ. ಅವಳು ಹಂಡೆಯಲ್ಲಿ ಅದ್ದಿ ಕೊಡುತ್ತಾಳೆ, ನಾನು ಹಿಂಡಿ ತಲೆಯ ಮೇಲಿನ ಬಿದಿರು ಗಳಕ್ಕೆ ಒಣಗಲು ಎಸೆಯುತ್ತೇನೆ. ಒಂದು ದಿನ ಕೈ ಹೆಗಲಿಗಿಂತ ಮೇಲೇಳಲಿಲ್ಲ. ಒದ್ದೆ ಬಟ್ಟೆ ನೆಲಕ್ಕೆ ಬಿದ್ದು ಮಣ್ಣಾಯಿತು.

"ಕೈಯಲ್ಲಿ ಜೀವ ಇಲ್ವಾ ಅತ್ತಿಗೆ?" ಎಂದು ರೇಗಿದಳು.

ಇರಲಿಲ್ಲ. ಕುಳಿತರೆ ಏಳಲಾಗದು, ಮೆಟ್ಟಿಲು ಕಂಡರೆ ಎದೆ ಧಸಕ್ಕೆನ್ನುತ್ತಿತ್ತು, ತಲೆ ಬಾಚಲೂ ಅವಳೇ ಬೇಕಾಯಿತು. ಬಾಚುವಾಗ ಬೈಗುಳ ಪುಕ್ಕಟೆ. ವಯಸ್ಸಾಯಿತು ಎಂದು ಗಂಡ ಹೇಳಿದ, ನಿಶ್ಶಕ್ತಿ ಎಂದುಕೊಂಡು ನಾನು ಟಾನಿಕ್ ಕುಡಿದೆ. ಬೆರಳ ಗಿಣ್ಣುಗಳ ಮೇಲೆ, ಕಣ್ಣ ರೆಪ್ಪೆಗಳ ಮೇಲೆ ನೇರಳೆ ಛಾಯೆ ಇತ್ತು. ಬಣ್ಣದವರ ಮೈಮೇಲಿನ ಬಣ್ಣವನ್ನು ಯಾರು ಕೇಳುತ್ತಾರೆ?

ಕೇಳಿದ್ದು ಅವಳೇ. ಒಂದು ಸಂಜೆ ನನ್ನ ಕೈಗೆ ಸೋಪು ಹಾಕಿ ಉಜ್ಜುತ್ತಿದ್ದವಳು ನಿಲ್ಲಿಸಿಬಿಟ್ಟಳು.

"ಅತ್ತಿಗೆ, ಬೇಸಿಗೆಯಿಡೀ ನಾವು ಅದ್ದಿದ್ದು ಬರೀ ಹಳದಿ. ಈ ನೇರಳೆ ಎಲ್ಲಿಂದ ಬಂತು?"

ಮರುದಿನವೇ ದೊಡ್ಡಾಸ್ಪತ್ರೆಗೆ ಎಳೆದೊಯ್ದಳು. ಡಾಕ್ಟರಮ್ಮ ಒದ್ದೆ ಹತ್ತಿಯಿಂದ ನನ್ನ ರೆಪ್ಪೆ ಒರೆಸಿದರು. ಬಣ್ಣ ಹೋಗಲಿಲ್ಲ. ಕೈಯೂರದೆ ಕುರ್ಚಿಯಿಂದ ಏಳಲು ಹೇಳಿದರು. ಆಗಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರು, ತೊಡೆಯ ಸ್ನಾಯುವಿನ ಚೂರು ತೆಗೆಸಿ ನೋಡಿದರು.

"ಮೈ ಕಾಯೋ ಶಕ್ತಿನೇ ದಾರಿ ತಪ್ಪಿ ನಿಮ್ಮ ಸ್ನಾಯುಗಳ ಮೇಲೆ ಬಿದ್ದಿದೆ. ಈ ನೇರಳೆ ಅದರದ್ದೇ ಗುರುತು. ಔಷಧಿ ಇದೆ, ಹೆದರಬೇಡಿ. ಇನ್ನೂ ತಡ ಆಗಿದ್ರೆ ನುಂಗೋದು, ಉಸಿರಾಡೋದೂ ಕಷ್ಟ ಆಗಬಹುದಿತ್ತು. ನಾನು ಹೇಳದೆ ಮಾತ್ರೆ ನಿಲ್ಲಿಸಬೇಡಿ."

"ಮತ್ತೆ ಗಳಕ್ಕೆ ಬಟ್ಟೆ ಎಸೀತೀನಾ?" ಎಂದೆ. ನನಗೆ ಬೇಕಿದ್ದದ್ದು ಅಷ್ಟೇ.

"ಪ್ರಯತ್ನ ಪಡೋಣ. ನಿಧಾನಕ್ಕೆ."

ಸ್ಟೀರಾಯ್ಡ್ ಮಾತ್ರೆಗೆ ಮುಖ ಊದಿಕೊಂಡಿತು. "ಈಗ ನೀವು ಕುಂಬಳಕಾಯಿ ಅತ್ತಿಗೆ" ಎಂದು ನಗಿಸುತ್ತಲೇ ನಾದಿನಿ ದಿನಾ ಕೈಗೆ ವ್ಯಾಯಾಮ ಮಾಡಿಸಿದಳು. ಡಾಕ್ಟರಮ್ಮ ಮಾತ್ರೆ ಇಳಿಸುತ್ತ ಬಂದರು, ನನ್ನ ಕೈ ಏರುತ್ತ ಬಂತು. ಇವರಿಬ್ಬರ ಋಣ ಈ ಜನ್ಮದಲ್ಲಿ ತೀರುವಂಥದ್ದಲ್ಲ.

ಮೊನ್ನೆ ಹಂಡೆಯಲ್ಲಿ ನೇರಳೆ ಬಣ್ಣವಿತ್ತು. ಅವಳು ಅದ್ದಿ ಕೊಟ್ಟಳು. ನಾನು ಹಿಂಡಿ, ಉಸಿರು ಬಿಗಿಹಿಡಿದು ಎಸೆದೆ. ಬಟ್ಟೆ ಹೋಗಿ ಗಳದ ಮೇಲೆ ಕುಳಿತಿತು.

ನಾದಿನಿ ತಲೆಯೆತ್ತಿ ಗಳ ನೋಡಿದಳು. ಬಣ್ಣದ ಕೈಯಲ್ಲೇ ಕಣ್ಣೊರೆಸಿಕೊಂಡಳು. ರೆಪ್ಪೆಯೆಲ್ಲ ನೇರಳೆಯಾಯಿತು. ನನ್ನ ಜೀವ ಬಾಯಿಗೆ ಬಂತು. ಓಡಿಹೋಗಿ ಟವೆಲ್ ಒದ್ದೆ ಮಾಡಿ ತಂದು ಒರೆಸಿದೆ.

"ಅಯ್ಯೋ, ಬಣ್ಣ ಅತ್ತಿಗೆ, ಬರೀ ಬಣ್ಣ!" ಎಂದಳು.

ಬಣ್ಣ ಪೂರಾ ಹೋದ ಮೇಲೂ ನಾನು ಒರೆಸುತ್ತಲೇ ಇದ್ದೆ.