ಚಿಕ್ಕಿ ಇಟ್ಟ ಸಾಲು

ಸಾವಿತ್ರೆವ್ವನ ಮುಂದೆ ಬಿಳಿ ಹಾಳೆ ಇಟ್ಟು ಶಂಭುಲಿಂಗಪ್ಪನವರು, "ತಪ್ಪು ನಂದಂತ ಬರ್ಕೊಡ್ರಿ. ಇಲ್ಲಾಂದ್ರ ನಾಳಿಂದ ಬರಬ್ಯಾಡ್ರಿ," ಎಂದರು. ಅಣ್ಣಿಗೇರಿಯ ಹತ್ತಿ ಬೆಳೆಗಾರರ ಸಂಘಕ್ಕೆ ಅವರು ಕಾರ್ಯದರ್ಶಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ! ಎಂಬತ್ತೆಂಟರಲ್ಲಿ ಸಂಘಕ್ಕೆ ಕಂಪ್ಯೂಟರ್ ಬಂದಾಗಿನಿಂದ ದಸರೆಯ ತನಕ ರೈತರ ಹೆಸರು, ಊರು, ಹೊಲದ ವಿವರ ಒಂದೊಂದಾಗಿ ಬಡಿದು ತುಂಬಿದವಳು ಸಾವಿತ್ರೆವ್ವ. ಅದೆಲ್ಲ ಇವತ್ತು ಬೆಳಿಗ್ಗೆ ಕಣ್ಣೆದುರೇ ಅಳಿಸಿಹೋಗಿತ್ತು.

ಅಳಿಸಿದ್ದು ಒಂದು ಸಾಲು. ಪ್ರೋಗ್ರಾಂ ಬರೆದ ಹುಬ್ಬಳ್ಳಿಯ ಈರಬಸಪ್ಪ, ಪರೀಕ್ಷೆ ಮಾಡುವಾಗ ಹೆಸರುಗಳನ್ನೆಲ್ಲ ಒರೆಸಿಹಾಕಲು ಅದನ್ನು ಬರೆದಿದ್ದ. ಪರೀಕ್ಷೆ ಮುಗಿದ ಮೇಲೂ ತೆಗೆಯದೆ, ಮುಂದೊಂದು ಚಿಕ್ಕಿ, ಅಂದರೆ ನಕ್ಷತ್ರದ ಗುರುತು, ಇಟ್ಟು ಬಿಟ್ಟಿದ್ದ.

"ಚಿಕ್ಕಿ ಇದ್ರ ಯಂತ್ರ ಆ ಸಾಲು ಓದೂದಿಲ್ರಿ. ಇರ್ಲಿ, ಮುಂದ ಬೇಕಾಗ್ತೈತಿ," ಎಂದಿದ್ದ.

"ಕಟ್ಟೇವಿ ಅಂತ ಹುಚ್ಚುನಾಯಿನ ಅಡಗಿಮನ್ಯಾಗ ಇಟ್ಕೋತಾರೇನ್ರಿ? ತಗೀರಿ," ಎಂದು ಸಾವಿತ್ರೆವ್ವ ಆಗಲೇ ಹೇಳಿದ್ದಳು. ಅವನು ನಕ್ಕಿದ್ದ. ಚಿಕ್ಕಿ ಇಟ್ಟ ಅಂಥ ಸಾಲುಗಳು ಪ್ರೋಗ್ರಾಂ ತುಂಬ ಇದ್ದವು. ಯಾವುದು ಏನು ಮಾಡುತ್ತದೆಂದು ಅವನಿಗಷ್ಟೇ ಗೊತ್ತು.

ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆಪೂಜೆಯ ದಿನ ಶಂಭುಲಿಂಗಪ್ಪನವರ ಭಕ್ತಿ ಉಕ್ಕಿತು. ಯಂತ್ರಕ್ಕೆ, ಪ್ರೋಗ್ರಾಂ ಇದ್ದ ಫ್ಲಾಪಿಗೆ, ಅದನ್ನು ಅಚ್ಚು ಹಾಕಿದ ಹಾಳೆಗೆ, ಎಲ್ಲದಕ್ಕೂ ಕಲಸಿದ ಕುಂಕುಮ ಬಳಿದರು. ಫ್ಲಾಪಿ ಕೆಟ್ಟಿತು. ಹಾಳೆ ನೋಡಿ ಪ್ರೋಗ್ರಾಂ ಮತ್ತೆ ಹೊಡೆಯಿರಿ ಎಂದು ಸಾವಿತ್ರೆವ್ವನಿಗೆ ಹೇಳಿದವರೂ ಅವರೇ. ಕುಂಕುಮದಡಿ ಆ ಸಾಲಿನ ಚಿಕ್ಕಿ ಮುಚ್ಚಿಹೋಗಿತ್ತು. ಸಾವಿತ್ರೆವ್ವ ಕಂಡದ್ದನ್ನು ಕಂಡಂತೆ ಬಡಿದಳು. ಚಿಕ್ಕಿಯಿಲ್ಲದ ಆ ಸಾಲನ್ನು ಇವತ್ತು ಬೆಳಿಗ್ಗೆ ಯಂತ್ರ ಓದಿತು.

ಈಗ ಬಸ್ಸು ಹಿಡಿದು ಬಂದ ಈರಬಸಪ್ಪ, "ಚಿಕ್ಕಿ ನೋಡ್ಬೇಕಿತ್ರಿ ನೀವು," ಎಂದ.

ಸಾವಿತ್ರೆವ್ವ ಕುಂಕುಮದ ಹಾಳೆಯನ್ನು ಶಂಭುಲಿಂಗಪ್ಪನವರ ಮುಂದೆ ಬಡಿದಳು. "ತಗೀರಿ ಅಂದ್ರ ಇವರು ತಗೀಲಿಲ್ಲ. ಕುಂಕುಮ ಬಳದವ್ರು ನೀವು. ತಪ್ಪು ನಂದಾ?"

ಶಂಭುಲಿಂಗಪ್ಪನವರು ಕಿಟಕಿಯ ಕಡೆ ನೋಡಿದರು. ಈರಬಸಪ್ಪ ಏನೂ ಆಗಿಲ್ಲವೆಂಬಂತೆ ಯಂತ್ರದ ಮುಂದೆ ಕುಳಿತು ಪ್ರೋಗ್ರಾಂ ಸರಿಮಾಡತೊಡಗಿದ. ಆ ಸಾಲಿಗೆ ಬಂದ. ಮುಂದೊಂದು ಚಿಕ್ಕಿ ಇಟ್ಟ. ಅಷ್ಟೇ!

ಅವಳು ರೈತರ ಅರ್ಜಿಗಳಿದ್ದ ಗೋಣಿಚೀಲ ಎಳೆದು ತಂದು ಅವನ ತೊಡೆಯ ಮೇಲೆ ಸುರಿದಳು.

"ಆ ಸಾಲು ಇರೂದಾದ್ರ, ಈ ಹೆಸರೆಲ್ಲಾ ನೀವ ಹೊಡೀರಿ."

ಈರಬಸಪ್ಪ ಅರ್ಜಿಗಳ ರಾಶಿ ನೋಡಿದ. ಈ ಸಲ ನಗಲಿಲ್ಲ. ಸಾಲು ಅಳಿಸಿದ.

"ಚಿಕ್ಕಿ ಇಟ್ಟ ಉಳದ ಸಾಲೂ ತಗೀರಿ."

ಅವೂ ಹೋದವು. ಸಾವಿತ್ರೆವ್ವ ಬಿಳಿ ಹಾಳೆಯನ್ನು ಶಂಭುಲಿಂಗಪ್ಪನವರ ಮುಂದಕ್ಕೆ ತಳ್ಳಿದಳು.

"ಈಗ ತಪ್ಪು ನಮ್ದಂತ ಬರೀರಿ, ಇಬ್ಬರೂ. ಅದನ್ನ ಓದಿದ ಮ್ಯಾಲ ನಾ ನಾಳೆ ಬರೂದು."