ಏಳದ ಮಡಿಲು

ಗಾಲಿಕುರ್ಚಿಯ ಕೆಳಗೆ ಒಣಗಿದ ಎಲೆಯೊಂದು ಪುಡಿಯಾಯಿತು, ಚಳಿ ಹಿಂದೆಗೆದು ಎಲೆ ಉದುರುವ ಕಾಲ, ಚರ್ಚಿನ ಅಂಗಳದಲ್ಲಿ ಪೊರಕೆ ಆಡುತ್ತಲೇ ಇದೆ, ಗುಡಿಸಿದಷ್ಟೂ ಬೀಳುತ್ತಿವೆ — ಹೂಂ, ಮೆಟ್ಟಿಲು ಬಂತು, ಗಾರೆ ಮೇಸ್ತ್ರಿ ಕುರ್ಚಿಯ ಬೆನ್ನು ಹಿಡಿದ, ಭಾನುವಾರವೂ ಅವನ ಕೈಗೆ ಸುಣ್ಣದ ವಾಸನೆ, ಏನಕ್ಕಾ ವಾರದಿಂದ ವಾರಕ್ಕೆ ಭಾರ ಆಗ್ತಿದ್ದೀಯಲ್ಲ, ಈ ಹೊತ್ತ ಋಣ ಯಾವಾಗ ತೀರಿಸ್ತೀಯ, ನಿನ್ನ ಸೊಂಟ ಮುರಿದ ದಿನ ನಾನೇ ಹೊರ್ತೀನಿ ಬಿಡೋ ಅಂದಳು ಕುರ್ಚಿಯಲ್ಲಿ ಕೂತವಳು, ಅವನು ನಕ್ಕ, ಅವಳೂ ನಕ್ಕಳು, ಮಾತು ಮಾತ್ರ ಒಳಗೆ ಚುಚ್ಚಿಕೊಂಡೇ ಉಳಿಯಿತು. ಎಷ್ಟು ವರ್ಷ ಹೊತ್ತರು, ಎಲ್ಲರೂ ಎದ್ದುಹೋಗಿ ಪಡೆಯುವ ಪ್ರಭುವಿನ ರೊಟ್ಟಿಯನ್ನೂ ಅವಳು ಕೂತಲ್ಲಿಗೇ ತಂದುಕೊಟ್ಟರು, ಪಾದ್ರಿ ಅವಳಿಗಾಗಿ ಪ್ರಾರ್ಥಿಸಿದರು, ಎಲ್ಲರೂ ಆಮೆನ್ ಎಂದರು, ತಿರುಗಿ ಕೊಡಲು ಅವಳ ಬಳಿ ಏನಿತ್ತು — ಈ ಮಡಿಲು, ಅದೂ ತಾನಾಗಿ ಹೊಳೆದದ್ದಲ್ಲ, ಹಾಡಿಗೆ ಏಳುವುದು, ಪ್ರಾರ್ಥನೆಗೆ ಮಂಡಿಯೂರುವುದು, ಮತ್ತೆ ಏಳುವುದು, ಎದ್ದಾಗಲೆಲ್ಲ ದರ್ಜಿ ಹೆಂಡತಿಯ ಕೂಸಿಗೆ ಎಚ್ಚರ, ಒಂದು ಭಾನುವಾರ ಒಂಚೂರು ಇಟ್ಕೊಂಡಿರಕ್ಕಾ ಅಂತ ಇವಳ ಮಡಿಲಿಗೆ ಹಾಕಿದಳು, ಕೂಸು ಕೊನೆಯ ಆಮೆನ್ ತನಕ ಕಣ್ಣು ಬಿಡಲಿಲ್ಲ, ಇಡೀ ಚರ್ಚಿನಲ್ಲಿ ಏಳದ ಮಡಿಲು ಅದೊಂದೇ, ಅಂದಿನಿಂದ ಅವಳು ತೊಟ್ಟಿಲಕ್ಕ. ಹೋದ ವಾರ ಮೇಸ್ತ್ರಿಯ ಹೆಂಡತಿ ಸೊಸೆಯ ಕಿವಿಯಲ್ಲಿ, ಬೇಡ ಕಣೇ, ಅವಳ ತೊಡೆಗೆ ಸ್ಪರ್ಶವೇ ತಿಳಿಯಲ್ಲ, ಮಗು ಜಾರಿದ್ರೆ ಗೊತ್ತಾಗುತ್ತಾ ಅಂದದ್ದು ಇವಳಿಗೂ ಕೇಳಿಸಿತು — ಗೊತ್ತಾಗುವುದಿಲ್ಲ, ಅದು ನಿಜವೇ, ದರ್ಜಿಯ ಕೂಸು ಒದ್ದೆ ಮಾಡಿದ್ದು ಸಹ ಕಣ್ಣಿಂದ ಕಂಡ ಮೇಲಷ್ಟೇ ತಿಳಿದದ್ದು, ಗೊತ್ತಾಗಿದ್ದು ಒಂದೇ, ಅದರ ಹಿಮ್ಮಡಿ, ಹೊಟ್ಟೆಗೆ ಒತ್ತಿದಾಗ, ಅಲ್ಲಿಂದ ಮೇಲಕ್ಕೆ ಎಲ್ಲ ಗೊತ್ತಾಗುತ್ತದೆ. ಇನ್ನು ಯಾರೂ ಕೂಸು ಕೊಡದಿದ್ದರೆ, ಮತ್ತೆ ಬರೀ ಹೊರೆ. ವಾರವೆಲ್ಲ ಕೂತು ಅಗಲದ ಬಟ್ಟೆಯ ಪಟ್ಟಿ ಹೊಲಿದಳು, ಕುರ್ಚಿಯ ಎರಡು ಕೈಗೂ ಬಿಗಿದು, ದಿಂಬು ಮಲಗಿಸಿ ಕುಲುಕಿ ನೋಡಿದಳು, ಜಾರಲಿಲ್ಲ, ಆದರೂ ದಿಂಬೇನು ಒದೆಯುತ್ತದೆಯೇ. ಈಗ ಹಾಡು ಎತ್ತಿಕೊಂಡಿತು, ಬೆಂಚುಗಳು ಕಿರುಗುಟ್ಟಿದವು, ಮೇಸ್ತ್ರಿಯ ಮೊಮ್ಮಗ ಕಿಟಾರನೆ ಕಿರುಚಿದ, ಸೊಸೆ ಕಂಬದ ಪಕ್ಕದ ಗಾಲಿಕುರ್ಚಿಯ ಕಡೆ ನೋಡಿದಳು, ಅತ್ತೆಯ ಮುಖ ನೋಡಿದಳು, ತೊಟ್ಟಿಲಕ್ಕ ಪಟ್ಟಿಯನ್ನೇ ನೋಡುತ್ತಿದ್ದಳು, ಕೇಳಬಾರದು, ಕೇಳಿ ಪಡೆಯುವ ಕೂಸಲ್ಲ ಇದು — ಸುಣ್ಣದ ವಾಸನೆ, ಮೇಸ್ತ್ರಿಯೇ, ಕೂಸನ್ನು ಎತ್ತಿಕೊಂಡು, ಹಿಂದೆಯೇ ಅವನ ಹೆಂಡತಿ, ರೀ ಏನ್ಮಾಡ್ತಿದ್ದೀರಿ ಅಂತ, ಅವನು ಕೂಸನ್ನು ಮಡಿಲಿಗೆ ಮಲಗಿಸುತ್ತಲೇ, ಮೆಟ್ಟಿಲಲ್ಲಿ ನಾನೆಲ್ಲಿ ಕೈ ಬಿಡ್ತೀನೋ ಅಂತ ಅವಳು ಒಂದಿನಾನಾದ್ರೂ ಅಂದಿದ್ದಾಳೇನೇ, ನಂಬಿ ಕೂತ್ಕೊತಾಳೆ, ಸುಮ್ನಿರು. ಹೆಂಡತಿ ಸುಮ್ಮನಾಗಲಿಲ್ಲ, ಬಗ್ಗಿ ಪಟ್ಟಿಯ ಗಂಟನ್ನು ತಾನೇ ಎಳೆದು ನೋಡಿದಳು, ಇನ್ನೊಮ್ಮೆ ಎಳೆದಳು, ಇನ್ನೂ ಸ್ವಲ್ಪ ಬಿಗಿ ಮಾಡಿದಳು, ಅಲ್ಲೇ ನಿಂತು ಹಾಡತೊಡಗಿದಳು, ನಿಂತಿರಲಿ ಪಾಪ. ಋಣ ತೀರಿತೇನೋ ಅಂತ ಮೇಸ್ತ್ರಿಯನ್ನು ಕೇಳಬೇಕು, ಮೆಟ್ಟಿಲು ಇಳಿಸುವಾಗ, ಅವನಿಗೆ ಇನ್ನೂ ಇಳಿಸುವುದಿದೆ, ತೀರುವುದೆಲ್ಲಿಂದ, ಕೂಸಿನ ಅಳು ಬಿಕ್ಕಾಯಿತು, ಬಿಕ್ಕು ಉಸಿರಾಯಿತು, ಎಲ್ಲರೂ ಕೂತರು, ಎದ್ದರು, ತೊಡೆಯ ಮೇಲೆ ಏನೂ ಇಲ್ಲ, ಭಾರವಿಲ್ಲ ಬಿಸಿಯಿಲ್ಲ, ಇರುವುದು ಹಿಮ್ಮಡಿ, ಹೊಟ್ಟೆಯ ಹತ್ತಿರ, ಗೊತ್ತಾಗುವ ಜಾಗದಲ್ಲಿ, ಒತ್ತಿ, ಬಿಟ್ಟು, ಮತ್ತೆ ಒತ್ತಿ, ಆ ಹಿಮ್ಮಡಿ —